ಹಳೆಯ ಮೈಕು, ಹೊಸ ಪಡಿಯಚ್ಚು

‘ಮೈಕು’ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಉತ್ಸವದ ಚಪ್ಪರದ ಕಂಬಕ್ಕೆ ಕಟ್ಟಿದ, ಉಮ್ಮತ್ತದ ಹೂವಿನಂತೆ ಬಾಯ್ದೆರೆದ ತಗಡಿನ ಕಹಳೆ. ಅದರ ಉಪಟಳವನ್ನು ತಾಳಲಾರದ ಯಾರೋ ರಸಿಕರು ಅದಕ್ಕೆ ‘ಮೈಕಾಸುರ’ ಎಂದು ನಾಮಕರಣ ಮಾಡಿದರು; ಹೆಸರು ನೆಲೆನಿಂತಿತು. ದಿಟವಾಗಿ ನೋಡಿದರೆ ಆ ಕಹಳೆ ಮೈಕಲ್ಲ, ಧ್ವನಿವರ್ಧಕ. ಮೈಕ್ರೋಫೋನು ಇರುವುದು ತಂತಿಯ ಇನ್ನೊಂದು ತುದಿಯಲ್ಲಿ, ಮಾತನಾಡುವವನ ಮುಂದೆ. ಪಂಡಿತರು ಅದನ್ನು ‘ಧ್ವನಿಗ್ರಾಹಕ’ ಎಂದು ಕರೆದರು. ಒಂದು ಬಾಯಿ, ಇನ್ನೊಂದು ಕಿವಿ. ಬಾಯಿ ಮಾಡಿದ ಅಪರಾಧಕ್ಕೆ ಕಿವಿಯ ಮೇಲೆ ಅಪವಾದ ಬಂದಿದೆ. ಇಂದು ನಾನು ಆಡಬೇಕೆಂದಿರುವ ನಾಲ್ಕು ಮಾತು ಈ ಕಿವಿಯನ್ನು ಕುರಿತದ್ದು.

ಧ್ವನಿಮುದ್ರಣದ ಲೋಕದಲ್ಲಿ ಈಗ ಮೂರು ಬಗೆಯ ಮೈಕುಗಳ ನಡುವೆ ಪೈಪೋಟಿ ನಡೆದಿದೆ. 1930ರ ದಶಕದಿಂದ 1960ರ ದಶಕದವರೆಗೆ ಜರ್ಮನಿ, ಆಸ್ಟ್ರಿಯ, ಇಂಗ್ಲೆಂಡ್, ಅಮೆರಿಕಗಳಲ್ಲಿ ತಯಾರಾದ ಹಳೆಯ ಮೈಕುಗಳು ಮೊದಲನೆಯವು. ಅವುಗಳನ್ನೇ ಹೋಲುವಂತೆ ಈಚೆಗೆ ಮರಳಿ ತಯಾರಿಸಿದ ಪಡಿಯಚ್ಚುಗಳು ಎರಡನೆಯವು. ಸಾಮಾನ್ಯರ ಕೈಗೆಟಕುವ ಅಗ್ಗದ ಮೈಕುಗಳು ಮೂರನೆಯವು. ಸುಸ್ಥಿತಿಯಲ್ಲಿರುವ ಪ್ರಸಿದ್ಧವಾದ ಹಳೆಯ ಮೈಕೊಂದು ಹತ್ತು ಸಾವಿರ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಗುತ್ತದೆ. ಮೂರನೆಯ ಬಗೆಯದು ನೂರು ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತದೆ. ಬೆಲೆಯಲ್ಲಿ ಒಂದಕ್ಕೆ ನೂರರಷ್ಟು ಅಂತರ. ಕೇಳುವ ಕಿವಿಗೂ ಈ ಅಂತರ ಅಷ್ಟೇ ದೊಡ್ಡದೆ?

ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ನಮ್ಮ ಊರಿನ ಸಾಹಿತ್ಯಾಸಕ್ತರ ಬಳಗವೊಂದು, ವಯೋವೃದ್ಧರಾದ ಗಮಕಿಗಳ ಕಾವ್ಯವಾಚನವನ್ನು ಧ್ವನಿಮುದ್ರಿಸಿ ಇರಿಸಬೇಕೆಂದು ಚಂದಾ ಎತ್ತಿತು. ತಕ್ಕಮಟ್ಟಿಗೆ ಹಣವೂ ಕೂಡಿತು. ಆದರೆ ಯಾವ ಮೈಕನ್ನು ಕೊಳ್ಳಬೇಕೆಂಬ ಚರ್ಚೆಯಲ್ಲಿ ತಿಂಗಳುಗಳು ಉರುಳಿದವು. ಇಂಥ ಕೆಲಸಕ್ಕೆ ಹಳೆಯ ಜರ್ಮನ್ ಮೈಕೇ ಆಗಬೇಕೆಂದು ಕೆಲವರು, ಅದರ ಪಡಿಯಚ್ಚಾದರೂ ಇರಲೆಂದು ಕೆಲವರು, ಅಷ್ಟು ಹಣ ಸೇರುವವರೆಗೆ ಕಾಯೋಣವೆಂದು ಮತ್ತೆ ಕೆಲವರು. ಕಾಯುವುದು ನಮಗೆ ಸುಲಭ. ಎಂಬತ್ತು ದಾಟಿದ ಗಮಕಿಗಳಿಗೆ ಅಷ್ಟು ಸುಲಭವಲ್ಲ. ಇದು ಮೊದಲ ಕಾರಣ. ಮೂಲ ಯಾವುದು, ಪ್ರತಿ ಯಾವುದು, ಮೂಲದ ಎಷ್ಟು ಅಂಶ ಪ್ರತಿಗೆ ಇಳಿದು ಬರುತ್ತದೆ ಎಂಬ ಪ್ರಶ್ನೆ ನಮ್ಮ ಗ್ರಂಥಸಂಪಾದನ ಶಾಸ್ತ್ರದ ಮೂಲಭೂತ ಪ್ರಶ್ನೆ ಎಂಬುದು ಎರಡನೆಯ ಕಾರಣ. ಓಲೆಗರಿಯ ಕಟ್ಟುಗಳ ಮುಂದೆ ಕುಳಿತು ಕಲಿತ ವಿವೇಕ ಇಲ್ಲಿಯೂ ಉಪಯೋಗಕ್ಕೆ ಬಂದೀತೆಂದು ನನ್ನ ನಂಬಿಕೆ.

ಮೊದಲು ಈ ಯಂತ್ರದ ಕಿವಿ ಹೇಗೆ ಕೇಳುತ್ತದೆ ಎಂಬುದನ್ನು ನೋಡೋಣ. ಧ್ವನಿ ಎಂದರೆ ಗಾಳಿಯ ಅಲೆ. ಅದು ಸೋಕಿದಾಗ ನಡುಗುವ ತೆಳುವಾದ ಪೊರೆ, ಆ ನಡುಕವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಏರ್ಪಾಡು, ಇವೆರಡೇ ಮೈಕಿನ ಸಾರ. ಏರ್ಪಾಡಿನಲ್ಲಿ ಮುಖ್ಯವಾಗಿ ಮೂರು ಪ್ರಭೇದಗಳು. ಪೊರೆಗೆ ತಂತಿಯ ಸುರುಳಿಯನ್ನು ಅಂಟಿಸಿ ಅಯಸ್ಕಾಂತದ ನಡುವೆ ಆಡಗೊಟ್ಟರೆ ಅದು ಡೈನಮಿಕ್ ಮೈಕು. ಇದು ಗಟ್ಟಿಮುಟ್ಟಾದ ಜಾತಿ. ಸಭೆಗಳಲ್ಲಿ ಭಾಷಣಕಾರರು ತಟ್ಟಿ ‘ಹಲೋ, ಹಲೋ’ ಎನ್ನುವುದು ಬಹುಮಟ್ಟಿಗೆ ಇದಕ್ಕೇ. ಪೊರೆಯ ಬದಲಿಗೆ ನಿರಿಗೆ ಹಿಡಿದ ಅಲ್ಯೂಮಿನಿಯಂ ಪಟ್ಟಿಯನ್ನೇ ಅಯಸ್ಕಾಂತದ ನಡುವೆ ತೂಗುಬಿಟ್ಟರೆ ರಿಬ್ಬನ್ ಮೈಕು. ಆ ಪಟ್ಟಿ ತಲೆಗೂದಲಿನ ಹತ್ತನೆಯ ಒಂದು ಪಾಲಿಗಿಂತಲೂ ತೆಳು. ಬಿರುಸಾಗಿ ಊದಿದರೆ ಹರಿದೀತು. ಮೂರನೆಯದು ಕಂಡೆನ್ಸರ್ ಮೈಕು. ಇದರಲ್ಲಿ ಚಿನ್ನದ ಲೇಪವುಳ್ಳ ಪೊರೆಯೊಂದು ಲೋಹದ ಬಿಲ್ಲೆಯ ಮುಂದೆ, ಕೂದಲೆಳೆಯಷ್ಟು ಅಂತರದಲ್ಲಿ, ಮೃದಂಗದ ಚರ್ಮದಂತೆ ಬಿಗಿಯಾಗಿ ನಿಂತಿರುತ್ತದೆ. ಈ ಜೋಡಿಗೆ ಕ್ಯಾಪ್ಸೂಲು ಎಂದು ಹೆಸರು. ಎರಡರ ನಡುವೆ ವಿದ್ಯುದಾವೇಶವಿರುತ್ತದೆ. ಪೊರೆ ನಡುಗಿ ಅಂತರ ಹೆಚ್ಚುಕಡಿಮೆಯಾದಂತೆ ವಿದ್ಯುತ್ತಿನ ಒತ್ತಡವೂ ಏರಿಳಿಯುತ್ತದೆ. ಆ ಏರಿಳಿತ ಬಹು ಕ್ಷೀಣವಾದದ್ದು. ಆದ್ದರಿಂದ ಮೈಕಿನ ಒಡಲಲ್ಲಿಯೇ ಅದಕ್ಕೆ ಬಲಕೊಡುವ ವಾಲ್ವು ಅಥವಾ ಟ್ರಾನ್ಸಿಸ್ಟರು ಇರಬೇಕಾಗುತ್ತದೆ. ಅಮೆರಿಕದ ಇ. ಸಿ. ವೆಂಟೆ 1916ರಲ್ಲಿ ರೂಪಿಸಿದ ಈ ಬಗೆಯೇ ಮುಂದೆ ಸ್ಟುಡಿಯೋಗಳ ಅರಸನಾಯಿತು.

ಅರಸನಿಗೆ ಪಟ್ಟ ಕಟ್ಟಿದವನು ಬರ್ಲಿನ್ನಿನ ಗೇಯಾರ್ಗ್ ನಾಯ್ಮನ್. 1928ರಲ್ಲಿ ಅವನು ಸ್ಥಾಪಿಸಿದ ಕಂಪೆನಿ ಕಂಡೆನ್ಸರ್ ಮೈಕನ್ನು ಮೊದಲ ಬಾರಿಗೆ ಸಾಲುಸಾಲಾಗಿ ತಯಾರಿಸಿತು. ಆಕಾರ ಸೀಸೆಯಂತಿದ್ದುದರಿಂದ ಜನ ಅದನ್ನು ‘ನಾಯ್ಮನ್ ಸೀಸೆ’ ಎಂದು ಕರೆದರು. ಯುದ್ಧದಲ್ಲಿ ಬರ್ಲಿನ್ನಿನ ಕಾರ್ಖಾನೆ ಬಾಂಬಿಗೆ ತುತ್ತಾದ ಮೇಲೆ, 1943ರಲ್ಲಿ, ಕೆಲಸವನ್ನು ತ್ಯೂರಿಂಗಿಯ ಪ್ರಾಂತದ ಗೇಫೆಲ್ ಎಂಬ ಸಣ್ಣ ಊರಿಗೆ ಸಾಗಿಸಲಾಯಿತು. ಯುದ್ಧ ಮುಗಿದು ಜರ್ಮನಿ ಇಬ್ಭಾಗವಾದಾಗ ಕಂಪೆನಿಯೂ ಇಬ್ಭಾಗವಾಯಿತು: ನಾಯ್ಮನ್ ಪಶ್ಚಿಮ ಬರ್ಲಿನ್ನಿನಲ್ಲಿ ಹೊಸದಾಗಿ ನೆಲೆಯೂರಿದ, ಗೇಫೆಲ್ಲಿನ ಕಾರ್ಖಾನೆ ಪೂರ್ವ ಜರ್ಮನಿಯ ಪಾಲಾಯಿತು.

1949ರಲ್ಲಿ ಬರ್ಲಿನ್ನಿನಿಂದ ಯು 47 ಎಂಬ ಮೈಕು ಹೊರಬಂದಿತು. ಒಂದೇ ದಿಕ್ಕಿನಿಂದ ಕೇಳಬೇಕೆ, ಸುತ್ತಲಿನಿಂದಲೂ ಕೇಳಬೇಕೆ ಎಂಬುದನ್ನು ಒಂದು ಗುಂಡಿಯನ್ನು ತಿರುವಿ ಆರಿಸಿಕೊಳ್ಳುವ ಸೌಕರ್ಯ ಅದರಲ್ಲಿತ್ತು. ಟೆಲಿಫುಂಕನ್ ಕಂಪೆನಿಯ ವಿ.ಎಫ್. 14 ಎಂಬ ಉಕ್ಕಿನ ಕವಚದ ವಾಲ್ವು ಅದರ ಜೀವ. 55 ವೋಲ್ಟಿಗೆಂದು ನಿರ್ಮಿಸಿದ ಅದರ ತಂತುವನ್ನು 36 ವೋಲ್ಟಿನ ಆಸುಪಾಸಿನಲ್ಲಿ ಉರಿಸುತ್ತಿದ್ದರು. ದೀಪವನ್ನು ಸಣ್ಣದು ಮಾಡಿ ಎಣ್ಣೆ ಉಳಿಸುವ ಗೃಹಿಣಿಯ ಜಾಣ್ಮೆಯಂತೆ, ಇದರಿಂದ ವಾಲ್ವಿಗೆ ಆಯುಷ್ಯವೂ ಹೆಚ್ಚಿತು, ಸದ್ದೂ ಅಡಗಿತು. ಅಮೆರಿಕದ ಫ್ರಾಂಕ್ ಸಿನಾತ್ರ ಹಾಡಿದ್ದು ಈ ಮೈಕಿನ ಮುಂದೆ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದವರು ಹಾಡಿದ್ದು ಈ ಮೈಕಿನ ಮತ್ತು ಅದರ ಸೋದರನಾದ ಯು 48ರ ಮುಂದೆ. ಹಾಡುಗಾರರ ಕೀರ್ತಿ ಮೈಕಿಗೂ ಅಂಟಿಕೊಂಡಿತು.

ಈ ಕೀರ್ತಿಯನ್ನು ನಂಬಿ ಇಂದು ಯು 47ನ್ನು ಕೊಳ್ಳಹೊರಟವನಿಗೆ ಒಂದು ಸಂಗತಿ ತಿಳಿದಿರಬೇಕು. ಆರಂಭದ ಯು 47ಗಳಲ್ಲಿದ್ದ ಎಂ 7 ಕ್ಯಾಪ್ಸೂಲಿನ ಪೊರೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನದು. ಆ ಪ್ಲಾಸ್ಟಿಕ್ಕನ್ನು ಮಿದುವಾಗಿ ಇರಿಸುವ ದ್ರವ್ಯ ದಶಕಗಳು ಕಳೆದಂತೆ ಆವಿಯಾಗುತ್ತದೆ. ಪೊರೆ ಪೆಡಸಾಗುತ್ತದೆ, ಚಿನ್ನದ ಲೇಪ ಬಿರಿಯುತ್ತದೆ. 1950ರ ದಶಕದ ಕೊನೆಯ ಹೊತ್ತಿಗೆ ಕಂಪೆನಿಯೇ ಪಾಲಿಯೆಸ್ಟರ್ ಪೊರೆಯ ಕೆ 47 ಎಂಬ ಬೇರೆ ಕ್ಯಾಪ್ಸೂಲನ್ನು ಹಾಕತೊಡಗಿತು. ಅದೇ ವೇಳೆಗೆ ವಿ.ಎಫ್. 14 ವಾಲ್ವಿನ ತಯಾರಿಕೆಯೂ ನಿಂತಿತು. ಇದ್ದ ದಾಸ್ತಾನು ಕರಗಿದ ಮೇಲೆ, 1965ರ ಸುಮಾರಿಗೆ, ಯು 47ರ ಕಥೆಯೂ ಮುಗಿಯಿತು. ವಾಲ್ವು ಕೆಟ್ಟ ಎಷ್ಟೋ ಮೈಕುಗಳು ಬೇರೆ ವಾಲ್ವು ತೊಡಿಸಿಕೊಂಡವು. ಹೀಗಾಗಿ ಇಂದು ಎರಡು ಯು 47ಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಎರಡರ ನಾದವೂ ಒಂದೇ ಆಗಿರುತ್ತದೆಂಬ ಭರವಸೆಯಿಲ್ಲ. ಅವು ಹೊಸದಾಗಿದ್ದಾಗಿನ ನಾದವಂತೂ ಈಗ ಅವುಗಳಲ್ಲಿಯೇ ಇಲ್ಲ.

ಓಲೆಗರಿಗಳನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಪ್ರಾಚೀನವಾದ ಪ್ರತಿ ಪೂಜ್ಯವೇ ಸರಿ. ಆದರೆ ಹುಳು ತಿಂದ ಗರಿ, ಅಳಿಸಿದ ಅಕ್ಷರ, ಲಿಪಿಕಾರನ ಕೈತಪ್ಪು ಎಲ್ಲವನ್ನೂ ಒಳಗೊಂಡೇ ಅದು ನಮ್ಮ ಕೈಸೇರುತ್ತದೆ. ಕವಿಯ ಪಾಠ ಯಾವುದು, ಕಾಲದ ಪಾಠ ಯಾವುದು ಎಂದು ಬೇರ್ಪಡಿಸುವುದೇ ಸಂಪಾದಕನ ಕೆಲಸ. ಯು 47 ಹುಟ್ಟಿದ ಅದೇ 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ‘ವಡ್ಡಾರಾಧನೆ’ ಪ್ರಕಟವಾಯಿತು. ಶಿಥಿಲವಾದ ಗರಿಯನ್ನು ಮುಟ್ಟದೆಯೇ ನಾವೆಲ್ಲ ಆ ಗದ್ಯದ ಸೊಗಸನ್ನು ಸವಿದೆವು. ಹಳೆಯ ಮೈಕಿನ ಬೆಲೆಯಲ್ಲಿ ಅದರ ಗುಣಕ್ಕೆ ಸಲ್ಲುವುದೆಷ್ಟು, ವಯಸ್ಸಿಗೂ ಕಥೆಗೂ ಸಲ್ಲುವುದೆಷ್ಟು ಎಂದು ಕೇಳುವಾಗ ನನಗೆ ಈ ಭೇದ ನೆನಪಾಗುತ್ತದೆ.

‘ಅಗ್ಗದ ಬದಲಿ’ ಎಂಬ ಮಾತನ್ನು ಕೇಳಿ ಮೂಗು ಮುರಿಯುವವರೂ ಒಂದು ಹಳೆಯ ಪ್ರಸಂಗವನ್ನು ಗಮನಿಸಬೇಕು. 1930ರ ದಶಕದ ಆರಂಭದಲ್ಲಿ ಅಮೆರಿಕದ ಆರ್.ಸಿ.ಎ. ಕಂಪೆನಿ, ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, 44 ಎಂಬ ಸಂಖ್ಯೆಯ ರಿಬ್ಬನ್ ಮೈಕನ್ನು ಹೊರತಂದಿತು. ಅದರ ಬೆಲೆ ಬಿಬಿಸಿಗೆ ದುಬಾರಿ ಎನಿಸಿತು. ಬಿಬಿಸಿ ಮಾರ್ಕೋನಿ ಕಂಪೆನಿಯೊಡನೆ ಸೇರಿ, ಕಡಮೆ ಖರ್ಚಿನಲ್ಲಿ ತನ್ನದೇ ರಿಬ್ಬನ್ ಮೈಕನ್ನು 1934ರಲ್ಲಿ ಮಾಡಿಕೊಂಡಿತು. ಮಿತವ್ಯಯಕ್ಕಾಗಿ ಹುಟ್ಟಿದ ಈ ಮೈಕೇ ಮುಂದೆ ಆ ಸಂಸ್ಥೆಯ ಚಿಹ್ನೆ ಎಂಬಂತಾಯಿತು. 1942ರಲ್ಲಿ ಜಾರ್ಜ್ ಆರ್ವೆಲ್ ಭಾರತದ ಕೇಳುಗರಿಗಾಗಿ ‘ವಾಯ್ಸ್’ ಎಂಬ ಕಾವ್ಯಕಾರ್ಯಕ್ರಮವನ್ನು ನಡೆಸಿದಾಗ ಟಿ. ಎಸ್. ಎಲಿಯಟ್, ಮುಲ್ಕ್ ರಾಜ್ ಆನಂದ್, ಮುಂದೆ ಆಕಾಶವಾಣಿಯ ಮಹಾನಿರ್ದೇಶಕರಾದ ನಾರಾಯಣ ಮೆನನ್ ಮೊದಲಾದವರು ಅದರಲ್ಲಿ ಭಾಗವಹಿಸಿದ್ದರು. ಬಿಬಿಸಿಯ ಸ್ಟುಡಿಯೋಗಳಲ್ಲಿ ಅಂದು ಬಳಕೆಯಲ್ಲಿದ್ದುದು ಈ ಜಾತಿಯ ಮೈಕುಗಳೇ. ಬಿಬಿಸಿಯ ತಂತ್ರಜ್ಞರು 1950ರ ದಶಕದ ಆದಿಯಲ್ಲಿ ರೂಪಿಸಿದ 4038 ಎಂಬ ರಿಬ್ಬನ್ ಮೈಕನ್ನು ಕೋಲ್ಸ್ ಎಂಬ ಕಂಪೆನಿ ಇಂದಿಗೂ ತಯಾರಿಸುತ್ತಿದೆ. ಅದನ್ನು ಹಳೆಯದೆನ್ನೋಣವೆ, ಹೊಸದೆನ್ನೋಣವೆ? ಗುರುಶಿಷ್ಯ ಪರಂಪರೆಯಲ್ಲಿ ಬಂದ ಪಾಠದಂತೆ ಅದು ಎಡೆಬಿಡದೆ ನಡೆದುಬಂದಿದೆ. ಅದಕ್ಕೆ ಪುನರುದ್ಧಾರದ ಅಗತ್ಯವೇ ಬೀಳಲಿಲ್ಲ.

ಇತರ ಮೈಕುಗಳಿಗೆ ಆ ಭಾಗ್ಯವಿರಲಿಲ್ಲ. ನಾಯ್ಮನ್ ಕಂಪೆನಿ 1960ರಲ್ಲಿ ಇ.ಎಫ್. 86 ವಾಲ್ವಿನ ಯು 67ನ್ನು ತಂದಿತು. ಬಳಿಕ ಟ್ರಾನ್ಸಿಸ್ಟರಿನ ಯುಗ ಬಂದಿತು. 1966ರಲ್ಲಿ ನಾರ್ವೆಯ ಬಾನುಲಿಗಾಗಿ ಮಾಡಿಕೊಟ್ಟ ಮೈಕುಗಳಿಗೆ, ಧ್ವನಿ ಹರಿಯುವ ತಂತಿಯಲ್ಲಿಯೇ 48 ವೋಲ್ಟಿನ ವಿದ್ಯುತ್ತನ್ನೂ ಕಳುಹಿಸುವ ಉಪಾಯವನ್ನು ನಾಯ್ಮನ್ನಿನವರು ಬಳಕೆಗೆ ತಂದರು. 48 ವೋಲ್ಟೇ ಏಕೆಂದರೆ, ಆ ನಿಲಯದಲ್ಲಿ ತುರ್ತುದೀಪಗಳಿಗೆಂದು ಅಷ್ಟು ವಿದ್ಯುತ್ತು ಮೊದಲೇ ಸಿದ್ಧವಿತ್ತು! ಆ ಆಕಸ್ಮಿಕವೇ ಇಂದು ಜಗತ್ತಿನ ರೂಢಿಯಾಗಿದೆ. ವಾಲ್ವಿನ ಮೈಕಿಗೆ ಬೇಕಾದ ಪ್ರತ್ಯೇಕ ವಿದ್ಯುತ್ ಪೆಟ್ಟಿಗೆ, ಕಾಯುವಿಕೆ, ರಿಪೇರಿ ಯಾವುದೂ ಇದಕ್ಕೆ ಬೇಡ. 1967ರಲ್ಲಿ ಬಂದ ಯು 87 ಸ್ಟುಡಿಯೋಗಳನ್ನು ಆಕ್ರಮಿಸಿತು. ವಾಲ್ವಿನ ಮೈಕುಗಳು ಕಪಾಟಿನ ಮೂಲೆ ಸೇರಿದವು. 1980ರ ದಶಕದಲ್ಲಿ ಧ್ವನಿಮುದ್ರಣ ಟೇಪಿನಿಂದ ಅಂಕೆಗಳಿಗೆ ತಿರುಗಿ, ನಾದ ತೀರ ಬೋಳಾಯಿತೆಂದು ಕೆಲವರಿಗೆ ಎನಿಸಿದಾಗ, ವಾಲ್ವಿನ ಕಂಪನ್ನು ಅರಸಿ ಜನ ಮತ್ತೆ ಅದೇ ಕಪಾಟುಗಳ ಬಾಗಿಲು ತೆರೆದರು. ಬೆಲೆ ಏರಿದ್ದು ಆಗ.

ಬೇಡಿಕೆ ಇದ್ದಲ್ಲಿ ಪಡಿಯಚ್ಚು ಹುಟ್ಟುತ್ತದೆ. ಪಡಿಯಚ್ಚುಗಳಲ್ಲಿಯೂ ತಾರತಮ್ಯವುಂಟು. ಆಸ್ಟ್ರಿಯದ ಎ.ಕೆ.ಜಿ. ಕಂಪೆನಿ 1953ರ ತನ್ನ ಸಿ 12 ಮೈಕಿನ ಹೆಸರನ್ನು 1994ರಲ್ಲಿ ಮತ್ತೆ ಬಳಸಿತು. ವಾಲ್ವು ಅದೇ ಜಾತಿಯದು, ಆದರೆ ಮೂಲದ ಹಿತ್ತಾಳೆಯ ಕ್ಯಾಪ್ಸೂಲಿನ ಬದಲು ಆಧುನಿಕ ಕ್ಯಾಪ್ಸೂಲು. ಇದನ್ನು ನಾನು ‘ಹೊಸಗನ್ನಡ ರೂಪಾಂತರ’ ಎಂದೇನು. ಕ್ಯಾಲಿಫೋರ್ನಿಯದ ಎ.ಇ.ಎ. ಎಂಬ ಸಣ್ಣ ಕಂಪೆನಿ 1998ರಲ್ಲಿ ಆರ್.ಸಿ.ಎ. 44ನ್ನು ಪುನರ್ನಿರ್ಮಿಸಿದಾಗ ಮೂಲದ ಬಿಡಿಭಾಗಗಳನ್ನು ಇದಕ್ಕೂ ಇದರವನ್ನು ಮೂಲಕ್ಕೂ ಜೋಡಿಸಬಹುದಾದಷ್ಟು ನಿಷ್ಠೆ ತೋರಿತು. ಇದು ಯಥಾಪ್ರತಿ. ನಾಯ್ಮನ್ ಕಂಪೆನಿ 2018ರಲ್ಲಿ ಯು 67ನ್ನೂ, 2022ರಲ್ಲಿ 1951ರ ಎಂ 49ನ್ನೂ ಮರಳಿ ತಂದಿತು. ಯು 67ರ ವಿಷಯದಲ್ಲಿ ಅದಕ್ಕೊಂದು ಅನುಕೂಲವಿತ್ತು: ಕ್ಯಾಪ್ಸೂಲಿನ ತಯಾರಿಕೆ ಎಂದೂ ನಿಂತಿರಲಿಲ್ಲ, ಟ್ರಾನ್ಸ್‌ಫಾರ್ಮರನ್ನು ಹಳೆಯ ದಾಖಲೆಗಳಂತೆ ಸುತ್ತಿಸಿದರು, ಇ.ಎಫ್. 86 ವಾಲ್ವುಗಳನ್ನು ಪರೀಕ್ಷಿಸಿ ಆಯ್ದರು. ಇದು ಪರಿಷ್ಕೃತ ಆವೃತ್ತಿ. ಯು 47ನ್ನು ಅನುಕರಿಸುವವರ ಕಷ್ಟವೇ ಬೇರೆ. ವಿ.ಎಫ್. 14 ವಾಲ್ವು ಅಪರೂಪವಾದ್ದರಿಂದ ಅವರು ಅನ್ಯ ವಾಲ್ವುಗಳ ಮೊರೆಹೋಗುತ್ತಾರೆ. ಸ್ವಾರಸ್ಯದ ಸಂಗತಿಯೆಂದರೆ, ಪಿ.ವಿ.ಸಿ. ಪೊರೆಯ ಎಂ 7 ಕ್ಯಾಪ್ಸೂಲನ್ನು ಗೇಫೆಲ್ಲಿನ ಕಾರ್ಖಾನೆ ಬಹುಕಾಲ ಮಾಡುತ್ತ ಬಂದಿತು. ಬರ್ಲಿನ್ ಶಾಖೆ ಕೈಬಿಟ್ಟ ಪಾಠವನ್ನು ಗೇಫೆಲ್ ಶಾಖೆ ಕಾಪಾಡಿತು. ಹಸ್ತಪ್ರತಿಗಳ ಚರಿತ್ರೆಯಲ್ಲಿಯೂ ಹೀಗೆ ಎಷ್ಟೋ ಸಲ ಆಗಿದೆ.

ಇನ್ನು ಅಗ್ಗದವುಗಳ ಮಾತು. ಇವುಗಳಲ್ಲಿ ಅನೇಕವು ಚೀನಾದಿಂದ ಬರುತ್ತವೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ನೆರವಿನಿಂದ ಬೀಜಿಂಗಿನಲ್ಲಿ ದೊಡ್ಡ ಕಾರ್ಖಾನೆಗಳ ಸಮುಚ್ಚಯವೊಂದು ಎದ್ದಿತು. ಅದರ 798ನೆಯ ಘಟಕದ ಕಟ್ಟಡಗಳು ಈಗ ಚಿತ್ರಕಲೆಯ ಕೇಂದ್ರವಾಗಿ ಹೆಸರಾಗಿವೆ. 797ನೆಯ ಘಟಕದ ಪರಂಪರೆ ಮೈಕುಗಳನ್ನು ಮಾಡುತ್ತ ಉಳಿಯಿತು. ಅಗ್ಗದ ಕಂಡೆನ್ಸರ್ ಮೈಕುಗಳಲ್ಲಿ ಬಹುಪಾಲು ಯು 67ರ ಕ್ಯಾಪ್ಸೂಲಿನ ಅನುಕರಣೆ. ಇಲ್ಲಿ ಒಂದು ಪಾಠವಿದೆ. ಆ ಕ್ಯಾಪ್ಸೂಲು ಸ್ವಭಾವತಃ ತಾರಸ್ವರಗಳನ್ನು ಎತ್ತಿ ಹಿಡಿಯುವಂಥದು. ಅದನ್ನು ಬಲ್ಲ ನಾಯ್ಮನ್ನಿನ ತಂತ್ರಜ್ಞರು, ಆ ಏರಿಕೆಯನ್ನು ಇಳಿಸಿ ಸಮಮಾಡುವ ಏರ್ಪಾಡನ್ನು ಯು 67ರ ವಿದ್ಯುನ್ಮಂಡಲದಲ್ಲಿಯೇ ಇರಿಸಿದ್ದರು. ಅನುಕರಿಸಿದ ಕೆಲವರು ಕ್ಯಾಪ್ಸೂಲನ್ನು ಮಾತ್ರ ತೆಗೆದುಕೊಂಡು ಮಂಡಲವನ್ನು ಬಿಟ್ಟರು. ಫಲವಾಗಿ ಅಂಥ ಮೈಕುಗಳಲ್ಲಿ ಸಕಾರ ಶಕಾರಗಳು ಸೀಟಿಯಂತೆ ಸೀಳುತ್ತವೆ. ಷಟ್ಪದಿಯ ಪ್ರಾಸವನ್ನು ಉಳಿಸಿಕೊಂಡು ಮಾತ್ರಾಗಣವನ್ನು ಮರೆತ ಪದ್ಯದಂತೆ, ಮೂಲದ ಒಂದು ಅಂಗ ಬಂದಿದೆ, ಅಂಗಗಳ ಹೊಂದಿಕೆ ಬಂದಿಲ್ಲ.

ಆದರೆ ಎಲ್ಲ ಅಗ್ಗದ ಮೈಕುಗಳೂ ಹೀಗಲ್ಲ. ಮೈಕು ತನ್ನೊಳಗೇ ಹುಟ್ಟಿಸುವ ಸದ್ದನ್ನು ಅಳೆಯುವ ಕ್ರಮವೊಂದಿದೆ. ಅಂಕಿ ಕಡಮೆಯಿದ್ದಷ್ಟೂ ಮೈಕು ಮೌನಿ. ಹೆಸರಾಂತ ಯು 87ರ ಈಗಿನ ಮಾದರಿಗೆ ಅದು 12 ಡೆಸಿಬೆಲ್. ಅದೇ ಕಂಪೆನಿ ಕಡಮೆ ಬೆಲೆಗೆಂದು 1997ರಲ್ಲಿ ತಂದ ಟಿ.ಎಲ್.ಎಂ. 103ಕ್ಕೆ 7. ಅದಕ್ಕಿಂತಲೂ ಎಷ್ಟೋ ಅಗ್ಗವಾದ, ಆಸ್ಟ್ರೇಲಿಯದ ರೋಡ್ ಕಂಪೆನಿಯ ಎನ್.ಟಿ. 1ಕ್ಕೆ 5ಕ್ಕೂ ಕಡಮೆ. ಮೌನವೊಂದೇ ನಾದದ ಗುಣವಲ್ಲ, ನಿಜ. ಆದರೆ ಒಂದು ಕಾಲಕ್ಕೆ ಹಣ ಸುರಿದರೂ ದೊರೆಯದಿದ್ದ ಗುಣವೊಂದು ಇಂದು ಸಾಮಾನ್ಯನ ಅಂಗೈಗೆ ಬಂದಿದೆ ಎಂಬುದನ್ನು ಅಲ್ಲಗಳೆಯಲಾಗದು. ಇನ್ನೊಂದು ನಿದರ್ಶನ: ಮೈಕೆಲ್ ಜ್ಯಾಕ್ಸನ್ನನ 1982ರ ‘ಥ್ರಿಲ್ಲರ್’ ಜಗತ್ತಿನಲ್ಲಿಯೇ ಅತ್ಯಧಿಕವಾಗಿ ಮಾರಾಟವಾದ ಧ್ವನಿಮುದ್ರಿಕೆಯೆಂದು ಖ್ಯಾತವಾಗಿದೆ. ಅದರ ಮುಖ್ಯ ಗಾಯನಕ್ಕೆ ಬಳಸಿದ್ದು ಶ್ಯೂರ್ ಕಂಪೆನಿ 1973ರಲ್ಲಿ ಹೊರತಂದ ಎಸ್.ಎಂ. 7 ಎಂಬ ಡೈನಮಿಕ್ ಮೈಕು. ದುಬಾರಿ ಕಂಡೆನ್ಸರುಗಳು ಕೈಯಳತೆಯಲ್ಲಿದ್ದ ಸ್ಟುಡಿಯೋದಲ್ಲಿ, ಆ ಕಂಠಕ್ಕೆ ಯಾವುದು ಒಪ್ಪುತ್ತದೆಂದು ಕೇಳಿ ನೋಡಿ ಆರಿಸಿದ್ದು ಅದು.

ಹಾಗಾದರೆ ಗಮಕಕ್ಕೆ ಯಾವುದು ಒಪ್ಪೀತು? ಗಮಕದಲ್ಲಿ ಪಕ್ಕವಾದ್ಯಗಳ ಗದ್ದಲವಿಲ್ಲ. ಒಂದೇ ಕಂಠ, ಅದರ ಮುಂದೆ ಒಂದು ಕಾವ್ಯ. ಅರ್ಥ ಕೆಡದಂತೆ ಪದವನ್ನು ಬಿಡಿಸುವ ರೀತಿ, ಪದ್ಯದ ಭಾವಕ್ಕೆ ತಕ್ಕ ರಾಗ, ಉಸಿರನ್ನು ನಿಲ್ಲಿಸುವ ಎಡೆ, ಇವೇ ಅದರ ಜೀವಾಳ. ಇವುಗಳನ್ನು ಹಿಡಿಯಲು ಸಾಧಾರಣ ಬೆಲೆಯ, ತಾರಸ್ವರಗಳನ್ನು ಅತಿಮಾಡದ, ಮೌನಿಯಾದ ಒಂದು ಕಂಡೆನ್ಸರ್ ಮೈಕು ಧಾರಾಳವಾಗಿ ಸಾಕು. ಹೆಚ್ಚಿನ ಎಚ್ಚರ ಬೇಕಾದದ್ದು ಬೇರೆ ಕಡೆ. ಒಂದು ದಿಕ್ಕಿಗೆ ಕಿವಿಗೊಡುವ ಮೈಕಿನ ತೀರ ಸಮೀಪಕ್ಕೆ ಹೋದರೆ ಮಂದ್ರ ಉಬ್ಬಿ ಕಂಠ ಗಡಿಗೆಯೊಳಗಿಂದ ಬಂದಂತಾಗುತ್ತದೆ. ಬಹು ದೂರ ಸರಿದರೆ ಕೋಣೆಯ ಮಾರ್ದನಿ ಕಾವ್ಯವನ್ನು ನುಂಗುತ್ತದೆ. ಒಂದೂವರೆ ಗೇಣು ಹದವಾದ ದೂರ. ಮೈಕು ಬಾಯಿಗೆ ನೇರವಾಗಿರದೆ ಕೊಂಚ ಪಕ್ಕಕ್ಕಿದ್ದರೆ ಭಕಾರ ಧಕಾರಗಳ ಉಸಿರು ಅದಕ್ಕೆ ಗುದ್ದುವುದಿಲ್ಲ, ಸಕಾರವೂ ಮಿದುವಾಗುತ್ತದೆ. ಫ್ಯಾನು ನಿಲ್ಲಬೇಕು, ಕಿಟಕಿ ಮುಚ್ಚಬೇಕು. ಬರಿಗೋಡೆಯ ಹಾಲಿಗಿಂತ ಪುಸ್ತಕದ ಬೀರುಗಳು ತುಂಬಿದ ಕೋಣೆ ಮೇಲು. ಮನೆಗಳಲ್ಲಿ ಮಾರ್ದನಿಯನ್ನು ಅಡಗಿಸುವ ವಸ್ತುಗಳಲ್ಲಿ ಪುಸ್ತಕವೂ ಒಂದು. ಈ ಎಚ್ಚರಗಳಿಲ್ಲದೆ ಹತ್ತು ಸಾವಿರ ಡಾಲರಿನ ಮೈಕನ್ನಿಟ್ಟರೆ, ಅದು ಫ್ಯಾನಿನ ಸದ್ದನ್ನು ಹತ್ತು ಸಾವಿರ ಡಾಲರಿನ ಸೊಗಸಿನಿಂದ ಕೇಳಿಸೀತು, ಅಷ್ಟೆ.

ನಮ್ಮ ಬಳಗ ಕೊನೆಗೆ ಅಂಥದೇ ಒಂದು ಮೈಕನ್ನು ಕೊಂಡಿತು. ಉಳಿದ ಹಣದಲ್ಲಿ ದಪ್ಪ ಪರದೆಗಳು ಬಂದವು, ನೆಲಕ್ಕೆ ಜಮಖಾನ ಬಂದಿತು, ಹಳ್ಳಿಗಳಿಂದ ಗಮಕಿಗಳನ್ನು ಕರೆತರುವ ಕಾರಿನ ಬಾಡಿಗೆಯೂ ಹುಟ್ಟಿತು. ಕುಮಾರವ್ಯಾಸನ ಪರ್ವಗಳೂ ಜೈಮಿನಿಯ ಸಂಧಿಗಳೂ ಒಂದೊಂದಾಗಿ ಭದ್ರವಾಗುತ್ತಿವೆ. ಮೊದಲು ಬರೆದುಕೊಂಡಿದ್ದ ಪಟ್ಟಿಯಲ್ಲಿ ಒಬ್ಬರ ವಾಚನ ಮಾತ್ರ ದೊರೆಯಲಿಲ್ಲ. ಮೈಕಿನ ಚರ್ಚೆ ಮುಗಿಯುವ ಮುನ್ನವೇ ಅವರು ತೀರಿಕೊಂಡಿದ್ದರು.

ಹಳೆಯ ಮೈಕುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾಯ್ಮನ್, ಓಲ್ಸನ್ ಮೊದಲಾದವರ ಕೌಶಲ ದೊಡ್ಡದು. ಅದನ್ನು ಕಾಪಾಡಿಕೊಂಡು ಬಂದವರೂ ಶ್ರದ್ಧೆಯಿಂದ ಪಡಿಯಚ್ಚು ಎತ್ತಿದವರೂ ಮಾನ್ಯರು. ಅನುಕೂಲವಿದ್ದವರು ಅವುಗಳನ್ನು ಕೊಳ್ಳಲಿ, ಅವುಗಳ ನಾದದ ಸೂಕ್ಷ್ಮಗಳನ್ನು ಸವಿಯಲಿ. ಆದರೆ ಮೈಕನ್ನು ಈ ವರ್ಷವಲ್ಲದಿದ್ದರೆ ಬರುವ ವರ್ಷ ಕೊಳ್ಳಬಹುದು. ಒಂದು ಮಾದರಿ ನಿಂತುಹೋದರೂ ಐವತ್ತು ವರ್ಷಗಳ ಮೇಲೆ ಯಾರಾದರೊಬ್ಬರು ಅದರ ಪಡಿಯಚ್ಚನ್ನು ತಂದಾರು. ಎಂಬತ್ತು ವರ್ಷ ಕಾವ್ಯವನ್ನು ನುಡಿದು ಪಳಗಿದ ಕಂಠಕ್ಕೆ ಪಡಿಯಚ್ಚು ಎತ್ತಬಲ್ಲವರಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಅಂಥ ಕಂಠವೊಂದಿದ್ದರೆ, ಕೈಯಲ್ಲಿ ಯಾವ ಮೈಕಿದೆಯೋ ಅದನ್ನೇ ಅವರ ಮುಂದಿಟ್ಟು, ಫ್ಯಾನು ನಿಲ್ಲಿಸಿ, ಒಂದು ಪದ್ಯವನ್ನು ಓದಿರೆಂದು ಕೇಳಿಕೊಳ್ಳಿ.

(ಬಾನುಲಿ ಭಾಷಣ)